ಕ್ರಾಸಿನಿಂದ ಒಳಗೆ ಮೂರು ಮೈಲಿ

ಬೆಂಗಳೂರಿನಿಂದ ಬೆಳಗಿನ ಬಸ್ಸು ಹಿಡಿದವನು ಚಳ್ಳಕೆರೆಯಲ್ಲಿ ಇಳಿದಾಗ ಊಟದ ಹೊತ್ತು ಮೀರಿತ್ತು. ಶಿವರಾತ್ರಿಗೆ ಚಳಿ ‘ಶಿವ ಶಿವ’ ಎಂದು ಓಡಿಹೋಗುತ್ತದೆ ಎನ್ನುತ್ತಾರೆ. ಇಲ್ಲಿ ಅದು ಹಬ್ಬಕ್ಕೆ ಎರಡು ವಾರ ಮೊದಲೇ ಗಂಟುಮೂಟೆ ಕಟ್ಟಿತ್ತು. ನಿಲ್ದಾಣದ ತುಂಬ ಶೇಂಗಾ ಎಣ್ಣೆಯ ವಾಸನೆ. ನೂರಿಪ್ಪತ್ತು ರೂಪಾಯಿಗೆ ಸಿಕ್ಕ ಲಾಡ್ಜಿನ ಕೋಣೆಯ ಕಿಟಕಿ ಒಂದು ಎಣ್ಣೆಗಿರಣಿಯ ಕಡೆಗೇ ತೆರೆಯುತ್ತಿತ್ತು, ದಿಂಬಿಗೂ ಅದೇ ವಾಸನೆ. ಮೊಬೈಲು ಇನ್ನೂ ದೊಡ್ಡ ಸಾಹೇಬರ ಸೊಂಟದಲ್ಲಿ ಮಾತ್ರ ಇದ್ದ ಕಾಲ ಅದು. ಎಸ್‌ಟಿಡಿ ಬೂತಿನಿಂದ ಮನೆಗೆ ಫೋನು ಮಾಡಿದೆ. ಮಗಳು ಎತ್ತಿಕೊಂಡು, "ಅಮ್ಮ ಮನೇಲಿಲ್ಲ. ಯಾವಾಗ ಬರ್ತೀಯಪ್ಪ?" ಎಂದವಳು ನನ್ನ ಉತ್ತರ ಮುಗಿಯುವ ಮೊದಲೇ ಟಿವಿಯ ಕಡೆ ತಿರುಗಿದ್ದು ಗೊತ್ತಾಯಿತು. ಚಿಕ್ಕವಳಿದ್ದಾಗ ನಾನು ಬರುವ ದಿನ ಗೇಟಿನ ಮೇಲೆ ಹತ್ತಿ ನಿಲ್ಲುತ್ತಿದ್ದಳು. ವರ್ಷದಲ್ಲಿ ಎಂಟು ತಿಂಗಳು ಟೂರಿನಲ್ಲಿರುವ ಅಪ್ಪನಿಗಾಗಿ ಎಷ್ಟು ದಿನ ಅಂತ ಗೇಟು ಹತ್ತಿಯಾಳು?

ನನ್ನದು ಸರ್ಕಾರದ ಲೆಕ್ಕಪರಿಶೋಧನೆಯ ಕೆಲಸ. ಜನರ ಬಾಯಲ್ಲಿ ಆಡಿಟ್. ಎಲ್ಲವನ್ನೂ ಖಾಸಗಿಯವರಿಗೆ ವಹಿಸುವ ಹುರುಪಿನ ದಿನಗಳವು. ನಷ್ಟವಾಗುತ್ತದೆಂದು ಕೆಲವು ಬಸ್ ಮಾರ್ಗಗಳನ್ನು ಕರಾರಿನ ಮೇಲೆ ಖಾಸಗಿ ಮಾಲೀಕರಿಗೆ ಬಿಟ್ಟುಕೊಡಲಾಗಿತ್ತು. ಹೆದ್ದಾರಿಯಿಂದ ದೂರವಿರುವ ಹಳ್ಳಿಗಳ ಒಳಕ್ಕೂ ದಿನಕ್ಕೆ ಮೂರು ಸಲ ಬಸ್ಸು ಹೋಗಬೇಕು, ಹೋದದ್ದಕ್ಕೆ ಸರ್ಕಾರ ಸಹಾಯಧನ ಕೊಡಬೇಕು ಎಂಬುದು ಷರತ್ತು. ಯಾಕೆ ಖಾಸಗಿಗೆ ಕೊಟ್ಟಿರಿ ಎಂದು ಕೇಳುವ ಹಕ್ಕು ನಮಗಿಲ್ಲ, ಅದು ಆಳುವವರ ತೀರ್ಮಾನ. ಕೊಟ್ಟ ಮೇಲೆ ಆಡಿದ ಮಾತಿನಂತೆ ನಡೆದಿದೆಯೇ, ನಡೆಯದಿದ್ದರೆ ನೋಡಿಕೊಳ್ಳಬೇಕಾದವರು ಏನು ಮಾಡುತ್ತಿದ್ದರು ಎಂದು ಕೇಳಬಹುದು. ಕಡತಗಳನ್ನು ಬೆಂಗಳೂರಿನಲ್ಲೇ ನೋಡಿ ಮುಗಿಸಿದ್ದೆ. ಅವುಗಳ ಪ್ರಕಾರ ಬಸ್ಸುಗಳು ಒಂದು ದಿನವೂ ತಪ್ಪದೆ ಹಳ್ಳಿ ಹಳ್ಳಿ ಸುತ್ತುತ್ತಿದ್ದವು. ಅಷ್ಟು ಚೆನ್ನಾಗಿ ನಡೆಯುವುದನ್ನು ಒಮ್ಮೆ ಕಣ್ಣಾರೆ ನೋಡಬೇಕೆನ್ನಿಸಿತು.

ನಾನು ಆರಿಸಿಕೊಂಡ ಊರು ತಳಕು ದಾಟಿದ ಮೇಲೆ, ಕೊಂಡ್ಲಹಳ್ಳಿಗೆ ಮುಂಚೆ, ಕ್ರಾಸಿನಿಂದ ಒಳಗೆ ಮೂರು ಮೈಲಿ. ಹೆಸರು ಹೇಳದಿರುವುದು ನಮ್ಮ ವೃತ್ತಿಯ ಚಾಳಿ. ಮರಡಿ ಎಂದಿಟ್ಟುಕೊಳ್ಳೋಣ.

ಮರುದಿನ ಚಳ್ಳಕೆರೆಯಿಂದ ರಾಂಪುರಕ್ಕೆ ಹೋಗುವ, ಕರಾರಿನ ಪಟ್ಟಿಯಲ್ಲಿದ್ದ ಮಧ್ಯಾಹ್ನದ ಬಸ್ಸು ಹತ್ತಿದೆ. ಮೇಲೆ ಕುರಿ, ಒಳಗೆ ಹಿಂಡಿಯ ಚೀಲ, ಕಿಟಕಿಗೊಬ್ಬರಂತೆ ನಿದ್ದೆ. ಮರಡಿಯ ಹೆಸರೆತ್ತದೆ, ಮೊಳಕಾಲ್ಮುರಿಗೆ ಎಂದು ದುಡ್ಡು ಕೊಟ್ಟೆ. ಕಂಡಕ್ಟರ್ ಜೇಬಿಗಿಳಿಸಿ ಮುಂದೆ ಹೋದ. ಕರೆದು, "ಟಿಕೆಟ್ ಕೊಡಪ್ಪ" ಎಂದೆ. ಅವನು ನನ್ನನ್ನು ನೋಡಿದ, ನನ್ನ ಚೀಲವನ್ನು ನೋಡಿದ, ಕಾಲಿನ ಬೂಟನ್ನೂ ನೋಡಿದ. ಆಮೇಲೆ ಡ್ರೈವರನ ಪೆಟ್ಟಿಗೆಯನ್ನೆಲ್ಲ ತಡಕಿ ಒಂದು ಹಳೇ ಟಿಕೆಟ್ ಪುಸ್ತಕ ಹುಡುಕಿ ತೆಗೆದು, ಧೂಳು ಕೊಡವಿ, ಹರಿದು ಕೊಟ್ಟ. ಪ್ರಯಾಣಭತ್ಯೆಯ ಬಿಲ್ಲಿಗೆ ಟಿಕೆಟ್ ಲಗತ್ತಿಸದಿದ್ದರೆ ನಮ್ಮ ಕಚೇರಿ ಒಪ್ಪುವುದಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಅಷ್ಟೇ.

ಕ್ರಾಸಿನಲ್ಲಿ ಬಸ್ಸು ನಿಧಾನವಾಗಿ ಎಡಕ್ಕೆ ತಿರುಗಿ ಮಣ್ಣಿನ ದಾರಿ ಹಿಡಿಯಿತು. ಮಲಗಿದ್ದವರೆಲ್ಲ ಎದ್ದರು.

"ಎಲ್ಲಿಗ್ಲೇ ಹೊಂಟೆ? ದಾರಿ ಮರ್ತೆ ಏನ್ಲೇ?" ಎಂದು ಹಿಂದಿನ ಸೀಟಿನ ಕಂಬಳಿಯವನು ಕೂಗಿದ.

"ಸುಮ್ಕಿರೋ ಮಾವ. ಮರಡಿಗೆ ಹೋಗಿ ಹೋಗಾನ" ಎಂದು ಕಂಡಕ್ಟರ್ ಕಣ್ಣು ಮಿಟುಕಿಸಿದ. ನನಗೆ ಆಗಲೂ ಹೊಳೆಯಲಿಲ್ಲ. ಷರತ್ತು ಪಾಲನೆಯಾಗುತ್ತಿದೆ ಎಂದು ಮನಸ್ಸಿನಲ್ಲೇ ಟಿಕ್ ಹಾಕಿಕೊಂಡೆ.

ಮರಡಿಯ ಬೇವಿನ ಮರದ ಕೆಳಗೆ ಬಸ್ಸು ನಿಂತಾಗ ಊರಿಗೆ ಊರೇ ಹೊರಗೆ ಬಂತು. ಊರುಗೋಲು ಹಿಡಿದ ಒಬ್ಬ ಹೆಂಗಸು ಕಾಲೆಳೆಯುತ್ತಾ ಬಂದು ಬಸ್ಸಿನ ತಗಡಿನ ಮೇಲೆ ಅಂಗೈ ಇಟ್ಟಳು. ಐವತ್ತೈದರ ಆಸುಪಾಸು. ಹೆಸರು ತಿಪ್ಪಮ್ಮ ಎಂದು ಆಮೇಲೆ ತಿಳಿಯಿತು. ಸೊಂಟ ಮುರಿದು ಕೂಡಿಕೊಂಡಿದ್ದರಿಂದ ನಾಲ್ಕು ಹೆಜ್ಜೆಗೊಮ್ಮೆ ನಿಲ್ಲಬೇಕಿತ್ತು.

"ದಿನಾ ಬರ್ತೈತೇನಪ್ಪ ಇನ್ಮೇಲೆ?" ಎಂದು ಕಂಡಕ್ಟರನನ್ನು ಕೇಳಿದಳು.

ಅವನು ನನ್ನ ಕಡೆ ಒಮ್ಮೆ ನೋಡಿ, ಎಲ್ಲರಿಗೂ ಕೇಳುವಂತೆ, "ದಿನಾ ಬರ್ತೈತೆ ದೊಡ್ಡವ್ವ. ಬರ್ದೆ ಏನು?" ಎಂದ.

"ಹಂಗಾದ್ರೆ ರಾಂಪುರದಾಗೆ ನಮ್ ಗಂಗಿಗೆ ಒಂದ್ ಮಾತು ಹೇಳ್ಬಿಡು. ನಿಮ್ಮವ್ವ ನಾಳೆ ಈ ಬಸ್ಸಿಗೆ ಬರ್ತಾಳೆ ಅನ್ನು. ಅವ್ಳ ಗಂಡಂದು ಸ್ಟ್ಯಾಂಡಿನಾಗೇ ಸೈಕಲ್ ಶಾಪು."

"ಗೊತ್ತು ಬಿಡು, ಹೇಳ್ತೀನಿ. ನೀನು ರೆಡಿಯಾಗಿರು" ಎಂದು ಅವನು ಸೀಟಿ ಊದಿದ.

ಕೊಂಡ್ಲಹಳ್ಳಿ ದಾಟುವಷ್ಟರಲ್ಲಿ ಬಂಡೆಗುಡ್ಡಗಳು ಶುರುವಾದವು. ಮೊಳಕಾಲ್ಮುರಿನಲ್ಲಿ ಇಳಿದು ಮಗ್ಗದ ಸದ್ದು ಕೇಳುತ್ತಾ ಒಂದೆರಡು ಬೀದಿ ಅಲೆದೆ, ಹೋಟೆಲಿನಲ್ಲಿ ಮಂಡಕ್ಕಿಯ ಉಗ್ಗಾನಿ, ಬಜ್ಜಿ ತಿಂದೆ. ಮಾಣಿ ತೆಲುಗಿನಲ್ಲಿ ಏನು ಬೇಕೆಂದು ಕೇಳಿ ಕನ್ನಡದಲ್ಲಿ ಬೈದ, ಚಿಲ್ಲರೆ ಇಲ್ಲವೆಂದು. ಒಂದು ಮನೆಯ ಕಟ್ಟೆಯ ಮೇಲೆ ಹೆಂಗಸೊಬ್ಬಳು ರಸ್ತೆಯ ತುದಿಯನ್ನೇ ನೋಡುತ್ತಾ ಅಕ್ಕಿ ಆರಿಸುತ್ತಿದ್ದಳು. ಟೂರಿನ ಮೇಲಿರುವವನಿಗೆ ಯಾರಾದರೂ ಯಾರನ್ನೋ ಕಾಯುತ್ತಿರುವುದು ಕಂಡರೆ ಸಾಕು, ಹೊಟ್ಟೆ ಉರಿಯುತ್ತದೆ. ಮನೆಯ ನೆನಪು ಬಲವಾಗಿ ಬಂತು. ಸಂಜೆಯ ಬಸ್ಸಿಗೆ ಚಳ್ಳಕೆರೆಗೆ ವಾಪಸಾದೆ.

ನಿಲ್ದಾಣದ ಎದುರು ಬಾಷಾ ಎಂಬವರ ಚಹದಂಗಡಿ. ಎರಡೇ ದಿನದಲ್ಲಿ ಸಲಿಗೆಯಾಗಿತ್ತು. ಮರಡಿಗೆ ಬಸ್ಸು ಸರಿಯಾಗಿ ಹೋಗುತ್ತಿದೆಯಲ್ಲ ಎಂದೆ. ಅವರು ಲೋಟ ತೊಳೆಯುವುದನ್ನು ನಿಲ್ಲಿಸಿ ನಕ್ಕರು.

"ಸಾಬ್, ನೀವು ಟಿಕೆಟ್ ಕೇಳಿದ್ರಂತಲ್ಲ. ನಮ್ ಲೈನಿನಾಗೆ ಟಿಕೆಟ್ ಯಾರು ಕೇಳ್ತಾರ್ರಿ? ಆಫೀಸಿನೋರು ಅಂತ ಅಲ್ಲೇ ಮಾಲೂಮ್ ಆಗೋಯ್ತು. ಆ ಬಸ್ಸು ಮರಡಿಗೆ ಹೋಗಿ ವರ್ಷ ಆಯ್ತು. ಇವತ್ತು ಹೋಗಿದ್ದು ನಿಮ್ಮ ಸಲುವಾಗಿ."

ನೋಡಲು ಹೋದದ್ದು ನಾನು, ನೋಡಿದ್ದು ನನಗಾಗಿ ಆಡಿದ ನಾಟಕ. ಸಾಲದ್ದಕ್ಕೆ ಆ ನಾಟಕವನ್ನು ಒಂದು ಊರು ನಿಜವೆಂದು ನಂಬಿತ್ತು.

ರಾತ್ರಿಯೆಲ್ಲ ಎರಡು ದಾರಿ ತೂಗಿ ನೋಡಿದೆ. ನಾಳೆಯೂ ಅದೇ ಬಸ್ಸು ಹತ್ತಿ, ಇನ್ನೊಮ್ಮೆ ಟಿಕೆಟ್ ಕೇಳಿದರೆ ಬಸ್ಸು ಖಂಡಿತ ಮರಡಿಗೆ ಹೋಗುತ್ತದೆ, ತಿಪ್ಪಮ್ಮ ಮಗಳನ್ನು ಸೇರುತ್ತಾಳೆ. ಆದರೆ ಎರಡೂ ದಿನ ಬಸ್ಸು ಹೋಗಿದ್ದನ್ನು ಸ್ವತಃ ಆಡಿಟ್‌ನವನೇ ಕಂಡಂತಾಗುತ್ತದೆ, ಆ ಊರಿನ ಬಾಯಿ ಶಾಶ್ವತವಾಗಿ ಮುಚ್ಚುತ್ತದೆ. ಊರಿನವರ ದೂರನ್ನು ನಾವು ಸಾಕ್ಷಿಯೆಂದು ಬರೆಯುವಂತಿಲ್ಲ. ಕರಾರು ನೋಡಿಕೊಳ್ಳುವ ಕಚೇರಿಯವರೊಬ್ಬರನ್ನು ಜೊತೆಗೆ ನಿಲ್ಲಿಸಿಕೊಂಡು, ಇಬ್ಬರೂ ಕಂಡದ್ದಕ್ಕೆ ಇಬ್ಬರೂ ಸಹಿ ಹಾಕಿದರೆ ಮಾತ್ರ ಅದು ನಿಲ್ಲುತ್ತದೆ. ಅಂದರೆ ಬಸ್ಸು ಬಾರದಿರುವುದನ್ನು ನಾನು ಕೂತು ನೋಡಬೇಕು. ತಿಪ್ಪಮ್ಮ ಕಾಯುವುದನ್ನೂ.

ಬೆಳಿಗ್ಗೆ ಆ ಕಚೇರಿಯ ಪಾಲಯ್ಯ ಎಂಬವರನ್ನು ಏನೂ ಹೇಳದೆ ಹೊರಡಿಸಿದೆ. ಐವತ್ತರ ಮೇಲಿನ, ಹೊಟ್ಟೆಯೂ ಹಾಸ್ಯವೂ ಸಮೃದ್ಧವಾಗಿದ್ದ ಮನುಷ್ಯ. ಅವರ ಬೈಕಿನ ಹಿಂದೆ ಕೂತು, ಮರಡಿ ತಲುಪಿದ ಮೇಲೇ ವಿಷಯ ತಿಳಿಸಿದ್ದು.

"ಮದುವೆ ಅಂತ ಕರ್ಕೊಂಡು ಬಂದು ತಿಥಿಗೆ ಕೂರಿಸಿದ್ರಲ್ರಿ" ಎಂದರು ಪಾಲಯ್ಯ. ಆದರೂ ಬೈಕನ್ನು ಶಾಲೆಯ ಹಿಂದೆ ಮರೆಯಾಗಿ ಅವರೇ ನಿಲ್ಲಿಸಿದರು.

ತಿಪ್ಪಮ್ಮ ಆಗಲೇ ಬೇವಿನ ಬುಡದಲ್ಲಿದ್ದಳು. ಗಿಣಿಹಸಿರು ಸೀರೆ, ಎಣ್ಣೆ ಹಚ್ಚಿ ಬಾಚಿದ ತಲೆ, ಪಕ್ಕದಲ್ಲಿ ವೈರಿನ ಬುಟ್ಟಿ. ನನ್ನ ಗುರುತು ಹಿಡಿದಳು. ನಾವು ಕೇಳದೆಯೇ ಮಾತು ತೆಗೆದಳು.

"ಚೊಚ್ಚಲ ಬಾಣಂತನ ತವರಾಗೆ ಆಗ್ಬೇಕಲ್ವಾ ಸಾಮಿ. ಬಸ್ಸಿಲ್ದ ಊರಿಗೆ ಬಸುರೀನ ಕಳ್ಸಲ್ಲ ಅಂದ್ರು ಬೀಗ್ರು. ಅವ್ರಂದಿದ್ದೂ ತಪ್ಪಲ್ಲ. ಕೂಸು ಹುಟ್ಟಿ ಮೂರು ತಿಂಗಳಾತು, ಇನ್ನಾ ಮುಖ ನೋಡಿಲ್ಲ. ಆಸ್ಪತ್ರೆಗಾದ್ರೆ ಯಾರಾದ್ರೂ ಗಾಡಿ ಕಟ್ತಾರೆ. ಮೊಮ್ಮಗಳ್ನ ನೋಡಾಕೆ ಅಂತ ಯಾರ್ನ ಕೇಳ್ಲಿ?"

ಅವಳಿದ್ದದ್ದು ತಮ್ಮನ ಮನೆಯಲ್ಲಿ. ಅವನು ಕೂಲಿಗೆ ಹೊರಟರೆ ಬರುವುದು ಕತ್ತಲಾದ ಮೇಲೆ. ಊರಿಗೆ ಫೋನೂ ಇರಲಿಲ್ಲ. ಬಸ್ಸು ಬರುವುದಿಲ್ಲ ಎಂಬ ಮಾತು ನನ್ನ ನಾಲಿಗೆಯ ತುದಿಯವರೆಗೂ ಬಂದಿತ್ತು. ಬಂದರೂ ಬರಬಹುದೇನೋ ಎಂಬ ಆಸೆ ನನಗೇ ಇತ್ತು ಎಂದರೆ ನಗಬೇಡಿ. ಆಡಿಟ್‌ನವನು ತನ್ನ ಆಕ್ಷೇಪಣೆ ಸುಳ್ಳಾಗಲಿ ಎಂದು ಹಾರೈಸಿದ್ದು ಅದೊಂದೇ ಸಲ ಇರಬೇಕು.

ಬಿಸಿಲು ನೆತ್ತಿಗೇರಿತು. ಗಾಳಿ ಆ ಕಡೆಯಿಂದಲೇ ಬೀಸುತ್ತಿದ್ದರಿಂದ ಬೋಳು ಬಯಲಿನಾಚೆ, ದೂರದ ರಸ್ತೆಯ ಮೇಲೆ ಬಸ್ಸಿನ ಹಾರನ್ನು ಕೇಳಿಸಿತು. ತಿಪ್ಪಮ್ಮ ಎದ್ದು ನಿಂತು ಸೆರಗು ಸರಿಮಾಡಿಕೊಂಡಳು. ಸದ್ದು ಕ್ರಾಸಿನ ಹತ್ತಿರ ಸ್ವಲ್ಪ ನಿಂತಿತು, ಆಮೇಲೆ ಕೊಂಡ್ಲಹಳ್ಳಿಯ ಕಡೆಗೆ ಸಣ್ಣಗಾಗುತ್ತಾ ಹೋಯಿತು. ಅವಳು ನಿಂತೇ ಇದ್ದಳು. ಪಾಲಯ್ಯನವರು ಕೆಮ್ಮಿದರು. ನಾನು ‘ಬಸ್ಸು ಬರಲಿಲ್ಲ’ ಎಂದು ಬರೆದೆ, ಅವರು ತಲೆಯೆತ್ತದೆ ಸಹಿ ಹಾಕಿದರು. ಆ ಸಾಲು ಮುಂದೆ ವರದಿಯಲ್ಲಿ ಅಚ್ಚಾಯಿತು. ಇಲಾಖೆ ‘ಗಮನಿಸಲಾಗಿದೆ’ ಎಂದು ಉತ್ತರಿಸಿತು. ಗಮನಿಸಿದ ಮೇಲೆ ಏನಾಯಿತು ಎಂದು ನೋಡಲು ನಮ್ಮನ್ನು ಯಾರೂ ಆ ಕಡೆ ಮತ್ತೆ ಕಳಿಸಲಿಲ್ಲ.

ನೆರಳು ಮರದ ಆಚೆ ಬದಿಗೆ ತಿರುಗಿದ ಮೇಲೆ ತಿಪ್ಪಮ್ಮ ಕೂತಳು.

"ನಿನ್ನೆ ಬಸ್ಸಿನಾಗೆ ನೀವಿದ್ರಿ" ಎಂದಳು. "ಇವತ್ತು ಯಾಕೆ ಹತ್ಲಿಲ್ಲ ಸಾಮಿ?"

ನಾನು ಸಹಿಯಾದ ಕಾಗದವನ್ನು ಮಡಚಿ ಚೀಲದೊಳಗಿಟ್ಟೆ.

"ನೀವು ಹತ್ತಿದ್ರೆ ಬರ್ತಿತ್ತು."

ಸಿಟ್ಟಿನಿಂದ ಹೇಳಿದ ಮಾತಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಪಾಲಯ್ಯನವರು ಚಳ್ಳಕೆರೆಯಿಂದ ಆಟೋ ಕಳಿಸುತ್ತೇನೆ ಎಂದರು.

"ಬ್ಯಾಡ ಬಿಡ್ರಿ. ಇವತ್ತು ನೀವು ಕಳಿಸ್ತೀರಿ. ವಾಪಸ್ ಬರಾಕೆ, ಮತ್ತೊಂದ್ ಸಲ ಹೋಗಾಕೆ ಯಾರು ಕಳಿಸ್ತಾರೆ? ಬಸ್ಸು ಬರಂಗೆ ಮಾಡ್ರಿ, ಅದ್ರಾಗೇ ಹೋಗ್ತೀನಿ." ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡು ನನ್ನನ್ನು ಕೇಳಿದಳು, "ನೀವು ಯಾವ ಕಡೆಗೆ?"

"ಬಳ್ಳಾರಿಗೆ, ರಾಂಪುರದ ಮೇಲೆ."

"ಹಂಗಾದ್ರೆ ಗಂಗಿಗೆ ಹೇಳ್ಬಿಡ್ರಿ, ಅವ್ವ ಬರಲ್ಲ ಅಂತ. ಸ್ಟ್ಯಾಂಡಿನಾಗೆ ನಿಂತಿರ್ತಾಳೆ. ಕಂಕುಳಾಗೆ ಕೂಸು ಇರ್ತೈತೆ, ಬಸ್ಸಿನ ಬಾಗ್ಲನ್ನೇ ನೋಡ್ತಿರ್ತಾಳೆ."

ಪಾಲಯ್ಯನವರು ಕ್ರಾಸಿನವರೆಗೆ ಬಿಟ್ಟರು. ಬೇರೊಂದು ಬಸ್ಸು ಸಿಕ್ಕಿತು. ದುಡ್ಡು ಕೊಟ್ಟೆ, ಟಿಕೆಟ್ ಕೇಳಲಿಲ್ಲ. ಮೊಳಕಾಲ್ಮುರು ಕಳೆದು ರಾಂಪುರ ಬಂದಾಗ ಬಿಸಿಲು ಇಳಿಮುಖವಾಗಿತ್ತು. ಬಾಗಿಲಿನಿಂದ ಇಳಿಯುವವರೆಲ್ಲರ ಭುಜದ ಮೇಲಿಂದ ಒಳಗೆ ಇಣುಕುತ್ತಿದ್ದ ಹುಡುಗಿಯನ್ನು ಗುರುತು ಹಿಡಿಯಲು ಕಷ್ಟವಾಗಲಿಲ್ಲ.

"ಗಂಗಮ್ಮ ಅಲ್ಲವೇ? ಮರಡಿಯಿಂದ ಬರುತ್ತಿದ್ದೇನೆ. ನಿಮ್ಮ ತಾಯಿ ಇವತ್ತು ಬರುವುದಿಲ್ಲ."

"ಗೊತ್ತು. ಕಂಡಕ್ಟ್ರು ಹೇಳ್ದ, ಬಸ್ಸು ಹೋಗಿತ್ತು, ನಿಮ್ಮವ್ವ ಇರ್ಲಿಲ್ಲ ಅಂತ" ಎಂದಳು. ಧ್ವನಿ ಗಟ್ಟಿಯಾಗಿತ್ತು. "ಬಾಣಂತನಕ್ಕೆ ನಾನು ಹೋಗ್ಲಿಲ್ಲ. ಅವ್ವಂಗೆ ಆ ಸಿಟ್ಟು ಇನ್ನಾ ಹೋಗಿಲ್ಲ."

ಇಪ್ಪತ್ತು ವರ್ಷದ ಸೇವೆಯಲ್ಲಿ ಕಂಡದ್ದನ್ನು ಕಂಡ ಹಾಗೆ ಹೇಳಲು ನಾನು ಅಷ್ಟು ಆತುರಪಟ್ಟಿದ್ದಿಲ್ಲ.

"ಇಲ್ಲಮ್ಮ. ನಾನು ಅಲ್ಲೇ ಇದ್ದೆ. ಬಸ್ಸೇ ಬರಲಿಲ್ಲ. ನಿಮ್ಮ ತಾಯಿ ಬುಟ್ಟಿ ಇಟ್ಟುಕೊಂಡು ಮರದ ಕೆಳಗೆ ಕಾಯುತ್ತಿದ್ದರು. ಹಾರನ್ನು ಕೇಳಿ ಎದ್ದು ನಿಂತರು. ನೆರಳು ತಿರುಗುವವರೆಗೂ ನಿಂತೇ ಇದ್ದರು."

"ಆ ಸೊಂಟದಾಗೆ ನಿಂತಿದ್ಲಾ?" ಎಂದವಳ ಗಟ್ಟಿ ಧ್ವನಿ ಹೋಯಿತು. ಕಣ್ಣೊರೆಸಿಕೊಂಡು, "ಯಾವ ಸೀರೆ ಉಟ್ಟಿದ್ಲು ಸಾರ್?" ಎಂದು ಕೇಳಿದಳು.

"ಗಿಣಿಹಸಿರು."

"ಹೊಸಾದು ಉಟ್ಟವ್ಳೆ" ಎಂದಳು, ತನಗೆ ತಾನೇ ಹೇಳಿಕೊಳ್ಳುವಂತೆ. ಆಮೇಲೆ ಕಂಕುಳಿನ ಕೂಸನ್ನು ಎತ್ತಿ ನನ್ನ ಮುಖಕ್ಕೆ ಎದುರಾಗಿ ಹಿಡಿದು, ತಲೆಯ ಮೇಲಿನ ಬಟ್ಟೆ ಸರಿಸಿದಳು.

"ಚೆನ್ನಾಗಿ ನೋಡ್ಕಳ್ರಿ ಸಾರ್. ಅವ್ವ ಕೇಳಿದ್ರೆ ಹೇಳ್ಬೇಕಲ್ಲ."

ನಾನು ಬಳ್ಳಾರಿಗೆ ಹೊರಟವನು, ಮರಡಿಯ ಕಡೆ ಮತ್ತೆ ಹೋಗುವವನಲ್ಲ ಎಂದು ಹೇಳಲಿಲ್ಲ. ಕೂಸನ್ನು ನೋಡಿದೆ. ಗುಂಗುರು ಕೂದಲು. ಬಲಗಿವಿಯ ಕೆಳಗೆ ಎಳ್ಳಿನಷ್ಟು ಮಚ್ಚೆ. ಆಕಳಿಸಿದಾಗ ಗಲ್ಲದಲ್ಲಿ ಒಂದು ಗುಳಿ ಬೀಳುತ್ತಿತ್ತು, ಎಡಗಡೆ ಮಾತ್ರ. ಮೂಗು ಅಜ್ಜಿಯದೇ. ಬಸ್ಸು ಹೊರಟಾಗ ಹತ್ತಿ, ಕಿಟಕಿಯಿಂದ ಕತ್ತು ತಿರುಗಿಸಿ ರಾಂಪುರ ಮರೆಯಾಗುವವರೆಗೆ ನೋಡುತ್ತಲೇ ಇದ್ದೆ. ಇಷ್ಟನ್ನೂ ಹೇಳಬೇಕಾಗಿದ್ದವಳು ಹಿಂದಿನ ದಿಕ್ಕಿನಲ್ಲಿದ್ದಳು, ಕ್ರಾಸಿನಿಂದ ಒಳಗೆ, ಬಸ್ಸು ಹೋಗದ ಕಡೆ.