ಒಂದೇ ನಂಬರಿನ ಮೂರು ಪೆಟ್ಟಿಗೆಗಳು

ಹಳೆಯ ಕಾಲದ ಮೈಕ್ ಸೆಟ್ಟುಗಳಲ್ಲಿ ನನಗೆ ಹಿಡಿಸಿದ ಗುಣವೆಂದರೆ, ಅವು ಕೆಟ್ಟರೆ ವಾಸನೆ ಬರುತ್ತಿತ್ತು. ಆಂಪ್ಲಿಫೈಯರ್ ಸುಟ್ಟರೆ ಒಂದು ವಾಸನೆ, ವೈರು ಕಾದರೆ ಇನ್ನೊಂದು. ಮೂಗು ಚುರುಕಾಗಿದ್ದವನು ಅರ್ಧ ಮೆಕ್ಯಾನಿಕ್. ನನ್ನ ಮೂಗು ಅಗತ್ಯಕ್ಕಿಂತ ಉದ್ದವಾಗಿಯೇ ಇರುವುದರಿಂದ ಈ ಕಸುಬಿಗೆಂದೇ ಹುಟ್ಟಿದ್ದೇನೆ ಎಂದು ನಂಬಿದ್ದೆ. ಈಗಿನ ಡಿಜಿಟಲ್ ಮಿಕ್ಸರುಗಳಿಗೆ ವಾಸನೆಯೂ ಇಲ್ಲ, ಹೊಗೆಯೂ ಇಲ್ಲ. ದೀಪಗಳೆಲ್ಲ ಹಸಿರಾಗಿ ಉರಿಯುತ್ತಿರುತ್ತವೆ, ಸದ್ದು ಮಾತ್ರ ಬರುವುದಿಲ್ಲ. ಮುನಿಸಿಕೊಂಡ ನೆಂಟರು ಹೀಗೆಯೇ. ಕೇಳಿದರೆ, ಏನೂ ಆಗಿಲ್ಲವಲ್ಲ ಎನ್ನುತ್ತಾರೆ.

ನಾನು ಕೊಳ್ಳೇಗಾಲದಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವವನು. ಬಿ.ಎಸ್ಸಿ.ಯನ್ನು ಎರಡನೆಯ ವರ್ಷಕ್ಕೇ ಕೈಬಿಟ್ಟು ಇದಕ್ಕೆ ಬಂದೆ, ಬಿ.ಎಸ್ಸಿ.ಯೇ ನನ್ನನ್ನು ಕೈಬಿಟ್ಟಿತು ಎನ್ನುವವರೂ ಇದ್ದಾರೆ. ಕೆಲಸ ಕಲಿಸಿದವರು ಮುಳ್ಳೂರಿನ ಚಿಕ್ಕಮಾದಣ್ಣ. ನನ್ನ ಜೊತೆ ಕಲಿತವನು ಯಳಂದೂರಿನ ಮಹದೇವ. ನಾವಿಬ್ಬರೂ ಡಿಜಿಟಲ್ ಮಿಕ್ಸರ್ ಕೊಂಡಾಗ ಪೆಟ್ಟಿಗೆಯನ್ನು ಮೊದಲು ಇಳಿಸಿದ್ದು ಚಿಕ್ಕಮಾದಣ್ಣನವರ ಜಗಲಿಯ ಮೇಲೆ. ಅವರು ಕೈಕಾಲು ತೊಳೆದು ಬಂದು, ಪೆಟ್ಟಿಗೆಗೆ ವಿಭೂತಿ ಹಚ್ಚಿ, ತಮ್ಮ ಮಿಕ್ಸರಿನಲ್ಲಿ ಏನೇನಿತ್ತೋ ಅದನ್ನೆಲ್ಲ ಹಾಗೆಯೇ ನಮ್ಮದರಲ್ಲೂ ಹಾಕಿಕೊಟ್ಟರು. ನೆಟ್‌ವರ್ಕ್ ನಂಬರನ್ನು ಬಿಳಿ ಟೇಪಿನ ಮೇಲೆ ಬರೆದು ಪಕ್ಕಕ್ಕೆ ಅಂಟಿಸಿ, "ಇದೊಂದ್ನ ಮುಟ್‌ಬ್ಯಾಡಿ ಕಣ್ರಪ್ಪ" ಎಂದರು. ನಾವು ಮುಟ್ಟಲಿಲ್ಲ. ಆಯುಧಪೂಜೆಯ ದಿನ ಆ ಟೇಪಿಗೂ ಕುಂಕುಮ ಇಡುತ್ತಿದ್ದೆವು.

ಈ ನಂಬರಿನ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮ ಸೀಮೆಯಲ್ಲಿ ಬೆಟ್ಟದ ಮಾದಪ್ಪನ ಹೆಸರಿಲ್ಲದ ಮನೆಯಿಲ್ಲ. ಬೀದಿಯಲ್ಲಿ ನಿಂತು "ಮಾದೇವಾ" ಎಂದು ಕೂಗಿದರೆ ಆರು ಬಾಗಿಲಿಂದ ತಲೆಗಳು ಹೊರಬರುತ್ತವೆ. ಆದರೂ ಕಾಗದಗಳು ತಲುಪಬೇಕಾದವರಿಗೆ ತಲುಪುತ್ತವೆ. ಪೋಸ್ಟಿನವರಿಗೆ ಯಾರ ಮಗ ಯಾರು, ಯಾರ ಮನೆಯ ಮುಂದೆ ಹುಣಸೆಮರ ಇದೆ ಎಂಬುದೆಲ್ಲ ಗೊತ್ತಿರುತ್ತದೆ. ಯಂತ್ರಕ್ಕೆ ಇಂಥ ಲೋಕಜ್ಞಾನವಿಲ್ಲ. ಒಂದೇ ವೈರಿಗೆ ಸೇರಿದ ಎರಡು ಪೆಟ್ಟಿಗೆಗಳಿಗೆ ಒಂದೇ ನಂಬರಿದ್ದರೆ, ಯಾರ ಮನೆಗೆ ಹೋಗಬೇಕೆಂದು ತಿಳಿಯದೆ ಸದ್ದು ಒಮ್ಮೆ ಇಲ್ಲಿಗೆ ಬರುತ್ತದೆ, ಒಮ್ಮೆ ಅಲ್ಲಿಗೆ ಹೋಗುತ್ತದೆ, ಕೊನೆಗೆ ಎಲ್ಲಿಗೂ ತಲುಪುವುದಿಲ್ಲ.

ಇಷ್ಟು ವರ್ಷ ಇದು ನಮ್ಮ ಗಮನಕ್ಕೆ ಬಾರದಿದ್ದುದಕ್ಕೆ ಕಾರಣ ಸರಳ. ನಮ್ಮ ಪೆಟ್ಟಿಗೆಗಳು ಒಂದೇ ವೈರಿಗೆ ಸೇರಲೇ ಇಲ್ಲ. ನಾನೂ ಮಹದೇವನೂ ಮಾತು ಬಿಟ್ಟು ಮೂರು ವರ್ಷವಾಗಿತ್ತು. ಚಿಕ್ಕಮಾದಣ್ಣ ತಮ್ಮ ಒಳ್ಳೆಯ ಮೈಕನ್ನು ಅವನಿಗೆ ಕೊಟ್ಟರೆಂಬ ಹೊಟ್ಟೆಕಿಚ್ಚಿಗೆ ನಾನು ಟೀ ಅಂಗಡಿಯಲ್ಲಿ, "ಕಿವಿ ಇಲ್ದೋನ್ಗೆ ಮೈಕ್ಯಾಕೆ" ಎಂದುಬಿಟ್ಟಿದ್ದೆ. ನಾನು ಮನೆ ಸೇರುವ ಮೊದಲೇ ಆ ಮಾತು ಯಳಂದೂರು ಸೇರಿತ್ತು.

ಚಿಕ್ಕಮಾದಣ್ಣ ಹೋದರು. ತಿಥಿಯ ದಿನ ಬೆಳಿಗ್ಗೆ ನಾನು ನನ್ನ ಸೆಟ್ಟು ಹೇರಿಕೊಂಡು ಮುಳ್ಳೂರಿಗೆ ಹೋದರೆ, ಮಹದೇವ ಆಗಲೇ ತನ್ನದನ್ನು ಇಳಿಸುತ್ತಿದ್ದ. ಯಾರೂ ಕರೆದಿರಲಿಲ್ಲ. ಗುರುವಿನ ಹೆಂಡತಿ ಜಯಮ್ಮ ಇಬ್ಬರನ್ನೂ ನೋಡಿ, "ಇಬ್ರುದೂ ಇರ್ಲಿ. ನಡುವೆ ಅವ್ರುದೂ ಇರ್ಲಿ" ಎಂದರು. ಆಮೇಲೆ ಪದ ಹಾಡಲು ಹೂಗ್ಯಂನಿಂದ ಬಂದು ಕೂತಿದ್ದ ತಂಬೂರಿ ರಾಚಯ್ಯನವರ ಕಡೆ ಕೈ ತೋರಿಸಿ, "ಅಯ್ಯನ ಪದ ಅಡ್ಗೆ ಮಾಡೋ ಎಂಗಸ್ರುಗೂ ಕೇಳ್ಬೇಕು ಕಣಪ್ಪ. ಅವರ್ಗೆ ಅದೇ ಆಸೆ ಇತ್ತು" ಎಂದರು.

ರಾಚಯ್ಯನವರಿಗೆ ಕಾಯಿಲೆಯಾಗಿ ದನಿ ಕುಗ್ಗಿಹೋಗಿತ್ತು. ಎದುರು ಕೂತವರಿಗೇ ಕೇಳುವುದು ಕಷ್ಟ. ಮಧ್ಯಾಹ್ನದ ಬಸ್ಸಿಗೆ ಹನೂರು ಸೇರಿ ಅಲ್ಲಿಂದ ಊರಿಗೆ ಹೋಗಬೇಕಿತ್ತು. ಶಾಮಿಯಾನ ಇಡೀ ಹೊಲಕ್ಕೆ ಹರಡಿತ್ತು. ವೇದಿಕೆಯ ಮೈಕುಗಳೆಲ್ಲ ಚಿಕ್ಕಮಾದಣ್ಣನವರ ಮಿಕ್ಸರಿಗೆ. ಅಲ್ಲಿಂದ ನೆಟ್‌ವರ್ಕ್ ವೈರಿನಲ್ಲಿ ಬಲಗಡೆಯ ಸ್ಪೀಕರುಗಳಿಗೆ ನನ್ನ ಪೆಟ್ಟಿಗೆ, ಎಡಗಡೆಯವಕ್ಕೆ ಮಹದೇವನದು. ಇಷ್ಟನ್ನೂ ನಾವು ಒಬ್ಬರ ಮುಖ ಒಬ್ಬರು ನೋಡದೆ ಮುಗಿಸಿದೆವು.

ರಾಚಯ್ಯ ತಂಬೂರಿ ಮೀಟಿದರು. ಅರ್ಧ ಮೀಟು ಬಂತು, ಉಳಿದರ್ಧ ಬರಲಿಲ್ಲ. ದನಿ ಬಂತು, ಹೋಯಿತು, ಮತ್ತೆ ಬಂದು ಪೂರ್ತಿ ನಿಂತಿತು. ಜನ ಹಿಂದಕ್ಕೆ ತಿರುಗಿ ನಮ್ಮನ್ನು ನೋಡಿದರು. ಮೈಕಿನವನ ತಿಥಿಯಲ್ಲಿ ಮೈಕ್ ಕೈಕೊಟ್ಟರೆ ಆ ನಾಚಿಕೆಯನ್ನು ಎಲ್ಲಿ ಬಚ್ಚಿಡುವುದು? ವೈರು ಬದಲಾಯಿಸಿದೆ, ಪಿನ್ನು ಒರೆಸಿದೆ, ಅಭ್ಯಾಸಬಲದಿಂದ ಒಮ್ಮೆ ಮೂಸಿಯೂ ನೋಡಿದೆ. ಮಹದೇವನ ಪೆಟ್ಟಿಗೆ ಕಿತ್ತರೂ ಸದ್ದು ಸರಿಹೋಗಲಿಲ್ಲ. ಅವನದನ್ನು ಸೇರಿಸಿ ನನ್ನದನ್ನು ಕಿತ್ತರೂ ಅದೇ ಗತಿ. ಎರಡನ್ನೂ ಕಿತ್ತರೆ ಗುರುವಿನ ಪೆಟ್ಟಿಗೆ ಒಂದೇ, ವೇದಿಕೆಯ ಪುಟ್ಟ ಸ್ಪೀಕರಿನಲ್ಲಿ ಚೆನ್ನಾಗಿ ಹಾಡುತ್ತಿತ್ತು. ನನ್ನದನ್ನು ಕಿತ್ತ ಮೇಲೂ ಸದ್ದು ಬಾರದಿದ್ದಾಗ, ತಪ್ಪು ಅವನದೂ ಹೌದೆಂದು ನನಗೆ ಒಳಗೊಳಗೇ ಸಮಾಧಾನವಾಯಿತು. ತಿಥಿಯ ಮನೆಯಲ್ಲಿ ನಿಂತು ಸಮಾಧಾನಪಟ್ಟುಕೊಂಡ ರೀತಿಗೆ ಈಗಲೂ ನಾಚಿಕೆಯಾಗುತ್ತದೆ.

ಆಗ ಟೇಪು ಕಣ್ಣಿಗೆ ಬಿತ್ತು. ಮೂರು ಪೆಟ್ಟಿಗೆ, ಮೂರರ ಪಕ್ಕಕ್ಕೂ ಅದೇ ದುಂಡು ಅಕ್ಷರ, ಅದೇ ನಂಬರು, ಕೊನೆಯಲ್ಲಿ ಹತ್ತು. ಮಹದೇವನೂ ಅದನ್ನೇ ನೋಡುತ್ತಿದ್ದ. ಅವನಿಗೂ ಅರ್ಥವಾಯಿತೆಂದು ನನಗೆ ಗೊತ್ತಾಯಿತು. ಆದರೂ ಇಬ್ಬರೂ ಬಾಯಿ ಬಿಡಲಿಲ್ಲ.

ಗುರುವಿನ ಪೆಟ್ಟಿಗೆಯನ್ನಂತೂ ಮುಟ್ಟುವ ಹಾಗಿಲ್ಲ. ಬದಲಾಗಬೇಕಾದದ್ದು ನಮ್ಮಿಬ್ಬರದು, ಮೊದಲು ಬದಲಿಸಿದವನು ಸೋತ ಹಾಗೆ. ನಾನೇ ಮೊದಲು ಸೋಲೋಣ ಎಂದುಕೊಂಡೆ. ಅವರು ಮುಟ್ಟಬೇಡಿ ಎಂದದ್ದನ್ನು ಮೊದಲ ಸಲ ಮುಟ್ಟಿ, ಹತ್ತನ್ನು ಅಳಿಸಿ ಹನ್ನೊಂದು ಮಾಡಿದೆ. ಕಣ್ಣು ಮಂಜಾಗಿ ಅಂಕಿ ಸರಿಯಾಗಿ ಕಾಣಲಿಲ್ಲ. ಅವನೂ ತನ್ನದರ ಮೇಲೆ ಬಗ್ಗಿ ಏನೋ ಒತ್ತಿದ. ಮೂರನ್ನೂ ಮತ್ತೆ ವೈರಿಗೆ ಸೇರಿಸಿದೆವು. ಸದ್ದು ಅರೆಗಳಿಗೆ ಬಂದು ಮತ್ತೆ ತುಂಡಾಯಿತು. ಅದೇ ರೋಗ. ರಾಚಯ್ಯ ತಂಬೂರಿಯನ್ನು ಪಕ್ಕಕ್ಕೆ ಒರಗಿಸಿ ಬಸ್ಸು ಬರುವ ರಸ್ತೆಯ ಕಡೆ ನೋಡಿದರು.

ಇನ್ನು ಮಾತಾಡದೆ ದಾರಿಯಿರಲಿಲ್ಲ. ಕೇಳಿದೆ, "ಮಾದೇವ, ನಿಂದು ಎಷ್ಟದೆ?"

ಅವನು ತಲೆ ಎತ್ತದೆ, "ಅನ್ನೊಂದು ಆಕ್ದೆ ಕಣಣ್ಣ. ನಾನೇ ಮೊದ್ಲು ಬಗ್ಗಾನ ಅಂತ" ಎಂದ.

"ನಾನೂ ಅನ್ನೊಂದೇ ಆಕಿವ್ನಿ ಕಣ್ಲಾ."

ಇಬ್ಬರೂ ನಗಲಿಲ್ಲ. ನಗುವ ಜಾಗವೂ ಅದಲ್ಲ. ಹಟದಿಂದ ಸದ್ದು ನಿಲ್ಲುವುದನ್ನು ನಾನು ಬಹಳ ಕಡೆ ಕಂಡಿದ್ದೇನೆ. ಇಬ್ಬರೂ ಬಗ್ಗಿದ್ದರಿಂದ ನಿಂತದ್ದು ಅದೊಂದೇ ಸಲ. ಹೇಳದೆ ಕೇಳದೆ ಮಾಡಿದ ತ್ಯಾಗ ಯಂತ್ರಕ್ಕೆ ಅರ್ಥವಾಗುವುದಿಲ್ಲ. ಮನುಷ್ಯರಿಗೂ ಅಷ್ಟೇನೂ ಅರ್ಥವಾದಂತೆ ಕಾಣೆ.

ಅವನು ಹನ್ನೆರಡು ಮಾಡಿಕೊಂಡ. ಆಮೇಲೆ ರಾಚಯ್ಯನವರ ಕುಗ್ಗಿದ ದನಿ ಹೊಲದ ಈ ತುದಿಯಿಂದ ಆ ತುದಿಗೆ ಹೋಯಿತು. ಒಲೆಯ ಬಳಿ ಮುದ್ದೆ ಕಟ್ಟುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ಕೇಳಿದರು. ಜಯಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದರು. ನಾನು ಬಲಗಡೆಯ ಸದ್ದು ನೋಡಿಕೊಂಡೆ, ಮಹದೇವ ಎಡಗಡೆಯದು. ಅವನ ಕಿವಿ ನನಗಿಂತ ಸೂಕ್ಷ್ಮವೆಂದು ಅಂದು ಒಪ್ಪಿಕೊಂಡೆ, ಮನಸ್ಸಿನಲ್ಲೇ. ಬಾಯಿಬಿಟ್ಟು ಹೇಳಿದ್ದು ಅವನನ್ನು ಯಳಂದೂರಿನ ದಾರಿಗೆ ಬಿಡುವಾಗ.

ಊಟವಾದ ಮೇಲೆ ಜಯಮ್ಮನವರ ಹತ್ತಿರ ಕೂತು ಕೇಳಿದೆ, "ಅಣ್ಣ ಮೂರುಕ್ಕೂ ಒಂದೇ ನಂಬರ್ ಯಾಕಾಕಿದ್ರಕ್ಕ?" ಶಿಷ್ಯರಿಬ್ಬರೂ ತನಗೆ ಒಂದೇ ಎಂಬ ಭಾವವೋ, ಎಂದಾದರೂ ನಾವು ಕೂಡಿ ಮಾತಾಡಲೇಬೇಕಾಗಲಿ ಎಂಬ ಉಪಾಯವೋ, ಏನೋ ದೊಡ್ಡದನ್ನು ನಾನು ಆಗಲೇ ಕಲ್ಪಿಸಿಕೊಂಡಿದ್ದೆ.

"ಅವರ್ಗೆ ಅದೊಂದ್ ಬುಟ್ರೆ ಬ್ಯಾರೆ ಬತ್ತಿರ್ಲಿಲ್ಲ ಕಣಪ್ಪ" ಎಂದರು ಜಯಮ್ಮ. "ಪೆಟ್ಗೆ ತಂದೋರು ಆಕ್ಕೊಟ್ಟಿದ್ದು ಅದು. ನೀವು ಓದ್ದೋರು, ನಿಮ್ಮನ್ನೇ ಕೇಳಿ ಅಂತ ನಾನೇ ಏಳ್ದೆ. ಏಳ್ಕೊಟ್ಟೋನೇ ಓಗಿ ಕೇಳಾದಾ ಅಂತ ಸುಮ್ಮಾದ್ರು."

ನಂಬರು ಬದಲಿಸುವುದು ಒಂದು ನಿಮಿಷದ ಕೆಲಸ. ಅವರ ಜಗಲಿಯ ಮೇಲೆ ಕೂತು, ಅವರೇ ಕಂಡುಕೊಂಡರೇನೋ ಎನ್ನುವ ಹಾಗೆ ಹೇಳಿಕೊಡಬಹುದಿತ್ತು. ಆ ನಂಬರು ಏನೆಂದು ನಾವೂ ಒಮ್ಮೆಯೂ ಕೇಳಲಿಲ್ಲ. ಗುರುವನ್ನು ಪ್ರಶ್ನೆ ಕೇಳುವುದು ಅವಿಧೇಯತೆ ಎಂದು ಸುಮ್ಮನಿದ್ದೆವು. ಶಿಷ್ಯರನ್ನು ಕೇಳುವುದು ಅವಮಾನ ಎಂದು ಅವರು ಸುಮ್ಮನಿದ್ದರು. ಎಲ್ಲರೂ ಗೌರವವಾಗಿಯೇ ನಡೆದುಕೊಂಡೆವು. ಅವರು ಕೇಳದೆಯೇ ಹೋದರು.

ಈಗ ಮಹದೇವ ಕೆಲಸಕ್ಕೆ ಹೊರಡುವ ಮುಂಚೆ ತಪ್ಪದೆ ಫೋನ್ ಮಾಡುತ್ತಾನೆ. "ಅಣ್ಣ, ಇವತ್ತು ನಿಂದೆಷ್ಟು?" ಎನ್ನುತ್ತಾನೆ. ಹನ್ನೊಂದು ಎನ್ನುತ್ತೇನೆ. ನಿನ್ನದು ಎಂದು ಕೇಳಿದರೆ ಹನ್ನೆರಡು ಎನ್ನುತ್ತಾನೆ. ಅವನು ಯಳಂದೂರಿನಲ್ಲಿರುತ್ತಾನೆ, ನಾನು ಕೊಳ್ಳೇಗಾಲದಲ್ಲಿ. ಅಷ್ಟು ದೂರ ಇರುವ ಎರಡು ಪೆಟ್ಟಿಗೆಗಳಿಗೆ ಯಾವ ನಂಬರಿದ್ದರೂ ಏನೂ ಆಗುವುದಿಲ್ಲವೆಂದು ಇಬ್ಬರಿಗೂ ಚೆನ್ನಾಗಿ ಗೊತ್ತು.