‘ಮುಟ್ಟೋದೇ ಇಲ್ಲ’ ಅಂತ ಬರೆಸಿದ್ದು

ತಮ್ಮನನ್ನು ಮಸ್ಕತ್‌ಗೆ ಕರೆಸಿಕೋ ಎಂದು ಅವ್ವ ವರ್ಷಗಟ್ಟಲೆ ನನ್ನ ಪ್ರಾಣ ತಿಂದಳು. ಅದು ಮುಸಲ್ಮಾನರ ದೇಶ, ಅಲ್ಲಿ ಒಂದು ಹನಿ ಸರಾಯಿ ಸಿಗೋದಿಲ್ಲ, ತಾನಾಗೇ ಬಿಡ್ತಾನೆ ಅನ್ನುವುದು ಅವಳ ನಂಬಿಕೆ. ಡಾಕ್ಟರಿಗೆ ತೋರಿಸೋಣ ಅಂದರೆ ಬೇಡ, ವಿಮಾನ ಹತ್ತಿಸೋಣ ಅಂದರೆ ಸೈ! ಹತ್ತು ವರ್ಷದಿಂದ ಇಲ್ಲಿ ಶಾಲೆಯೊಂದರಲ್ಲಿ ಆಯಾ ಆಗಿರುವ ನನಗೆ ಯಾವ ಸಂದಿಯಲ್ಲಿ ಏನು ಸಿಗುತ್ತದೆ ಅಂತ ಗೊತ್ತಿಲ್ಲವೇ? ಆದರೂ ಅವಳ ಮಾತು ನಂಬಿ ಕರೆಸಿಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಇಲ್ಲಿನ ವಾದಿ ಕಬೀರ್ ಬಡಾವಣೆಯ ಗ್ಯಾರೇಜಿನಲ್ಲಿ ಅವನಿಗೆ ಕಾರಿಗೆ ಪೇಂಟ್ ಹೊಡೆಯುವ ಕೆಲಸ ಸಿಕ್ಕಿತು. ವಾರ ಕಳೆಯುವುದರೊಳಗೆ ಕದ್ದು ಬಾಟಲಿ ಮಾರುವವನೂ ಸಿಕ್ಕಿದ. ಶುಕ್ರವಾರ ನನ್ನ ರೂಮಿಗೆ ಊಟಕ್ಕೆ ಬರುವಾಗ ಏಲಕ್ಕಿ ಜಗಿಯುತ್ತ ಬರುತ್ತಿದ್ದ. ನಾನು ವಾಸನೆ ಗೊತ್ತಾಗದವಳ ಹಾಗೆ ಮೀನು ಸಾರು ಬಡಿಸುತ್ತಿದ್ದೆ. ಅವ್ವ ಫೋನಿನಲ್ಲಿ ಕೇಳಿದರೆ ಚೆನ್ನಾಗಿದ್ದಾನೆ ಅನ್ನುತ್ತಿದ್ದೆ.

ಯಾಕೆ ಮುಚ್ಚಿಟ್ಟಿರಿ ಎಂದು ಕೇಳುವವರು ಒಂದು ಸಲ ಸಿದ್ದಿಗಳ ಮನೆಯಲ್ಲಿ ಹುಟ್ಟಿ ನೋಡಬೇಕು. ಯಲ್ಲಾಪುರದ ಕಡೆಯ ನಮ್ಮ ಊರಲ್ಲಿ ಕಂಟ್ರಾಕ್ಟರು ಕುಡಿದು ಗಟಾರಕ್ಕೆ ಬಿದ್ದರೆ ‘ಪಾಪ, ಏನು ಚಿಂತೆಯೋ’ ಅನ್ನುತ್ತಿದ್ದರು. ಅಪ್ಪ ಬಿದ್ದರೆ ‘ಸಿದ್ದಿಗಳಲ್ವಾ’ ಅಂದು ಮುಗಿಸುತ್ತಿದ್ದರು. ಕಪ್ಪು ಮೈ, ಗುಂಗುರು ಕೂದಲಿನ ಜೊತೆ ಸರಾಯಿಯನ್ನೂ ದೇವರು ನಮಗೇ ಕೊಟ್ಟು ಕಳಿಸಿದ ಹಾಗೆ. ಶಾಲೆಯಲ್ಲಿ ಮಾಸ್ತರು ನಮ್ಮ ಕೇರಿಯ ಮಕ್ಕಳನ್ನು ಮಾತ್ರ ನಿಲ್ಲಿಸಿ ಬಾಯಿ ಮೂಸುತ್ತಿದ್ದರು. ಲಿವರ್ ಹೋಗಿ ಅಪ್ಪ ಸತ್ತಾಗ ಅವ್ವ ಕಾಮಾಲೆ ಅಂದಳು, ಇವತ್ತಿಗೂ ಹಾಗೇ ಅನ್ನುತ್ತಾಳೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಊರಿಗೆ ಗೊತ್ತಾಗುವುದಿಲ್ಲವೇ? ಮಸ್ಕತ್‌ನಲ್ಲಿ ನನಗೆ ಇದ್ದ ಸುಖ ಒಂದೇ. ನನ್ನ ಬಣ್ಣದವರು ಇಲ್ಲಿ ಬ್ಯಾಂಕಿನಲ್ಲೂ ಕೂರುತ್ತಾರೆ. ಅಂಗಡಿಯವರು ನಾನೂ ಇಲ್ಲಿಯವಳೇ ಅಂದುಕೊಂಡು ಅರಬಿಯಲ್ಲಿ ಮಾತಾಡಿಸುತ್ತಾರೆ.

ಕಳೆದ ವರ್ಷ ನನ್ನ ತಮ್ಮ ಗ್ಯಾರೇಜಿನ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡ. ಆಸ್ಪತ್ರೆಗೆ ಓಡಿದೆ. ಅಲ್ಲಿನ ನರ್ಸು ಮಂಗಳೂರಿನವರು, ನಮ್ಮ ಕನ್ನಡ ಕೇಳಿ ಅವರ ಮುಖ ಅರಳಿತು. ಯಾವ ಊರು ಅಂದರು, ಹೇಳಿದೆ. ಓ, ಸಿದ್ದಿಯವರಾ ಅಂದರು. ಕೆಟ್ಟ ಮನಸ್ಸಿನಿಂದ ಅಂದದ್ದೇನಲ್ಲ, ಆದರೂ ನನ್ನ ಬೆನ್ನು ಸೆಟೆಯಿತು. ಅಷ್ಟರಲ್ಲಿ ಡಾಕ್ಟರು ಬಂದು, ಆಪರೇಷನ್ ಮಾಡಬೇಕು, ಕುಡಿಯುವ ಅಭ್ಯಾಸ ಇದ್ದರೆ ಈಗಲೇ ಹೇಳಿ ಎಂದು ಹಿಂದಿಯಲ್ಲಿ ಕೇಳಿದರು. ತಮ್ಮ ನನ್ನ ಮುಖ ನೋಡಿದ. ನರ್ಸು ಪೆನ್ನು ಹಿಡಿದು ಕಾಯುತ್ತಿದ್ದರು.

“ಇಲ್ಲ, ಮುಟ್ಟೋದೇ ಇಲ್ಲ,” ಅಂದೆ. ಮೊದಲು ಕನ್ನಡದಲ್ಲಿ ಅಂದೆ, ಆ ನರ್ಸಿನ ಕಿವಿಗೆ ಬೀಳಲಿ ಅಂತ. ಆಮೇಲೆ ಹಿಂದಿಯಲ್ಲಿ.

ಹಾಗೇ ಬರೆದುಕೊಂಡರು. ಆಪರೇಷನ್ ಆಯಿತು. ಎರಡನೇ ದಿನ ತಮ್ಮನ ಕೈ ನಡುಗತೊಡಗಿತು, ಬೆವರು ಕಿತ್ತುಕೊಂಡು ಬಂತು. ಜ್ವರ ಇರಬೇಕು ಅಂದರು. ಸರಾಯಿ ಸಿಗದ ದಿನ ಅಪ್ಪನಿಗೂ ಹೀಗೇ ಆಗುತ್ತಿದ್ದದ್ದನ್ನು ಕಂಡವಳು ನಾನು, ಆದರೂ ಬಾಯಿ ಬಿಡಲಿಲ್ಲ. ಮೂರನೇ ದಿನ ಬೆಳಿಗ್ಗೆ ಗೋಡೆ ತುಂಬ ಹುಳ ಹರಿಯುತ್ತಿವೆ ಎಂದು ಕಿರುಚಿದ, ಹಿಂದೆಯೇ ಫಿಟ್ಸ್ ಬಂದು ಮಂಚವೇ ಅದುರಿತು. ಆಗ ಹೇಳಿದೆ, ಅದೇ ನರ್ಸಿನ ಕೈ ಹಿಡಿದುಕೊಂಡು. ಅವರು ಡಾಕ್ಟರನ್ನು ಕರೆಯಲು ಓಡಿದರು. ಮೊದಲ ದಿನವೇ ಹೇಳಿದ್ದರೆ ಅವತ್ತಿನಿಂದಲೇ ಅದಕ್ಕೆ ಔಷಧಿ ಕೊಡುತ್ತಿದ್ದೆವು, ನಿಮ್ಮ ತಮ್ಮ ಸಾಯಬಹುದಿತ್ತು ಎಂದು ಡಾಕ್ಟರು ಬೈದರು. ಇನ್ನೂ ಬೈಯಬೇಕಿತ್ತು.

ಅವ್ವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ, “ಆ ಮಂಗಳೂರಿನ ನರ್ಸಿಗೆ ಗೊತ್ತಾಯ್ತಾ?”

ನನಗೆ ಮೈಯೆಲ್ಲ ಉರಿಯಿತು. ಮಗ ಬದುಕಿದ್ದಾನಾ ಅಂತ ಮೊದಲು ಕೇಳು, ನಿನ್ನ ಮಾನಕ್ಕೆ ಅವನನ್ನು ಮಣ್ಣು ಮಾಡಬೇಕಿತ್ತಾ ಎಂದು ವಾರ್ಡಿನವರೆಲ್ಲ ತಿರುಗಿ ನೋಡುವ ಹಾಗೆ ಅರಚಿದೆ.

ಮತ್ತೆರಡು ದಿನಕ್ಕೆ ತಮ್ಮನಿಗೆ ಪೂರಾ ಎಚ್ಚರ ಬಂತು. ಗಂಜಿ ಕುಡಿಸುತ್ತಿದ್ದೆ. ಚಮಚ ತಡೆದು ಹೇಳಿದ, “ಡಾಕ್ಟರು ಕೇಳಿದಾಗ ನೀನು ಹೇಳ್ತೀ ಅಂದ್ಕೊಂಡೆ ಅಕ್ಕ. ನನ್ನ ಬಾಯಲ್ಲಿ ಅದು ಬರೋದಿಲ್ಲ, ನಿಂಗೆ ಗೊತ್ತಲ್ಲ.”

ಅವ್ವನ ಮೇಲೆ ಅಷ್ಟು ಅರಚಿದ ಬಾಯಿಂದಲೇ ಗಂಜಿ ಊದಿ ಆರಿಸಿ, ಇನ್ನೊಂದು ಚಮಚ ಅವನ ಮುಂದೆ ಹಿಡಿದೆ.