ಮೊದಲ ಮಂಗಳವಾರ ಹಲ್ಲಿನ ಡಾಕ್ಟರು ಬರುತ್ತಾರೆ

ನನಗೆ ಸುಮ್ಮನೆ ಕೂರುವುದು ಬರುವುದಿಲ್ಲ. ಸಿಡ್ನಿಗೆ ಬಂದ ಹೊಸದರಲ್ಲಿ ಅದೇ ನನ್ನ ದೊಡ್ಡ ಕಾಯಿಲೆಯಾಗಿತ್ತು. ದಾವಣಗೆರೆಯಲ್ಲಿ ದಂತವೈದ್ಯಕೀಯ ಓದಿ, ಮೈಸೂರಿನಲ್ಲಿ ಕೆಲವು ವರ್ಷ ಬೆಳಗಿನಿಂದ ಸಂಜೆಯವರೆಗೆ ಜನರ ಬಾಯೊಳಗೆ ಕೈಯಿಟ್ಟು ಬದುಕಿದವಳು ನಾನು. ಇಲ್ಲಿ ಮಾತ್ರ ಇಲ್ಲಿನ ಪರೀಕ್ಷೆ ಪಾಸಾಗುವವರೆಗೆ ಒಂದು ಹಲ್ಲನ್ನೂ ಮುಟ್ಟುವಂತಿರಲಿಲ್ಲ. ಕೈಗೆ ಕೆಲಸವಿಲ್ಲದೆ ಅಡುಗೆಮನೆಯ ಡ್ರಾಯರುಗಳನ್ನು ದಿನಾ ಹೊಸದಾಗಿ ಜೋಡಿಸುತ್ತಿದ್ದೆ. ಗಂಡ ಆಫೀಸಿನಿಂದ ಬಂದು ಚಮಚ ಹುಡುಕಿ ಸುಸ್ತಾಗುತ್ತಿದ್ದ.

ಆ ಕಾಟ ತಾಳಲಾರದೆ ಅವನೇ ನನಗೊಂದು ಟೆಂಪರರಿ ಕೆಲಸ ಹುಡುಕಿಕೊಟ್ಟ. ಲೈಬ್ರರಿಯೊಂದರಲ್ಲಿ ನೂರು ವರ್ಷಕ್ಕೂ ಹಳೆಯದಾದ ಹಳ್ಳಿಗಾಡಿನ ಪತ್ರಿಕೆಗಳನ್ನು ಕಂಪ್ಯೂಟರಿಗೆ ಏರಿಸುತ್ತಿದ್ದರು. ಸುದ್ದಿಯನ್ನೆಲ್ಲ ಬೇರೆಯವರು ಟೈಪ್ ಮಾಡುತ್ತಿದ್ದರು, ನನ್ನ ಪಾಲಿಗೆ ಬಂದದ್ದು ಜಾಹೀರಾತು. ಬ್ರಿಟಿಷರ ಕಾಲದಲ್ಲಿ ಒಳನಾಡಿಗೆ ಹೋಗಿ, ಮರ ಕಡಿದು, ಬೇಲಿ ಹಾಕಿ, ಕುರಿ ಸಾಕಿ, ಗೋಧಿ ಬಿತ್ತಿ ನೆಲೆ ನಿಂತವರಿಗೆ ಪಟ್ಟಣದ ವ್ಯಾಪಾರಿಗಳು ಹಾಕಿದ ಜಾಹೀರಾತುಗಳು. ಆ ನೆಲ ಮೊದಲು ಯಾರದ್ದಾಗಿತ್ತು ಎಂಬುದನ್ನು ಮಾತ್ರ ಯಾವ ಜಾಹೀರಾತೂ ಹೇಳುತ್ತಿರಲಿಲ್ಲ.

ಉಳಿದದ್ದೆಲ್ಲ ಅಲ್ಲಿತ್ತು. ಬೇಲಿ ತಂತಿ, ನೀರೆತ್ತುವ ಗಾಳಿಯಂತ್ರ, ಕುರಿಯ ಉಣ್ಣೆ ತೆಗೆಯುವ ಕತ್ತರಿ. ಗಾಡಿಯಲ್ಲಿ ತುಂಡುತುಂಡಾಗಿ ಬಂದು ನಾವೇ ಜೋಡಿಸಿಕೊಳ್ಳಬೇಕಾದ ತಗಡಿನ ಮನೆ. ಬೇಕಿದ್ದರೆ ತಗಡಿನ ಚರ್ಚೂ ಸಿಗುತ್ತಿತ್ತು. ಅಳತೆ ಬರೆದು ಕಳಿಸಿದರೆ ಪೋಸ್ಟಿನಲ್ಲಿ ಕೋಟು ಬರುತ್ತಿತ್ತು, ಸಾವಾದ ಮನೆಗೆ ಕಪ್ಪು ಬಟ್ಟೆ ಬರುತ್ತಿತ್ತು. ಊರೂರು ತಿರುಗುವ ಬೀಜದ ಕುದುರೆಯೊಂದಿತ್ತು, ಯಾವ ವಾರ ಯಾವ ಊರಿನಲ್ಲಿ ಅದರ ಸೇವೆ ಲಭ್ಯ ಎಂದು ಬಹಳ ಮರ್ಯಾದೆಯಿಂದ ಬರೆದಿರುತ್ತಿದ್ದರು. ಒಂದೇ ಬಾಟಲಿಯ ಔಷಧಿ ಪಿತ್ತಕ್ಕೂ, ಹೆಂಗಸರ ಸುಸ್ತಿಗೂ, ಮಕ್ಕಳ ಕೆಮ್ಮಿಗೂ. ಓದುತ್ತ ಓದುತ್ತ ನಗು ಬರುತ್ತಿತ್ತು, ಸ್ವಲ್ಪ ಹೊತ್ತಿಗೆ ಬೇಸರವೂ ಆಗುತ್ತಿತ್ತು. ಅಂಗಡಿ, ಡಾಕ್ಟರು ಎಲ್ಲ ಬಹುದೂರದಲ್ಲಿದ್ದ ಜನರು ಈ ಪುಟವನ್ನು ಎಷ್ಟು ಸಲ ತಿರುವಿರಬೇಕು.

ನನ್ನ ಕಣ್ಣು ಹುಡುಕುತ್ತಿದ್ದದ್ದು ಹಲ್ಲಿನವರನ್ನು. ತಿಂಗಳ ಮೊದಲ ಮಂಗಳವಾರ ಇಂಥ ಹೋಟೆಲಿನಲ್ಲಿ ದಂತವೈದ್ಯರು ಇರುತ್ತಾರೆ, ನೋವಿಲ್ಲದೆ ಹಲ್ಲು ಕೀಳುತ್ತಾರೆ, ಹೊಸ ಹಲ್ಲಿನ ಸೆಟ್ಟಿಗೆ ಅಚ್ಚು ತೆಗೆಯುತ್ತಾರೆ. ಹೀಗೆ ಹತ್ತಾರು ಊರಿನ ಪತ್ರಿಕೆಗಳಲ್ಲಿ. ಮೊದಮೊದಲು ಅವರಲ್ಲಿ ಎಷ್ಟೋ ಜನ ಯಾವ ಕಾಲೇಜಿಗೂ ಹೋದವರಲ್ಲ. ಔಷಧಿ ಅಂಗಡಿಯವನೂ ಕೀಳುತ್ತಿದ್ದ, ಇಕ್ಕಳ ಕೈಯಲ್ಲಿದ್ದ ಕಮ್ಮಾರನೂ ಕೀಳುತ್ತಿದ್ದ. ಡಿಗ್ರಿ ತೆಗೆದುಕೊಂಡ ನಾನು ಆ ಕಮ್ಮಾರನ ಜಾಹೀರಾತನ್ನು ಟೈಪ್ ಮಾಡುತ್ತ ಕೂತಿದ್ದೆ. ಮೈಯೆಲ್ಲ ಉರಿಯುತ್ತಿತ್ತು.

ನಾವು ಬಾಡಿಗೆಗಿದ್ದದ್ದು ಪೆಂಡಲ್ ಹಿಲ್‌ನಲ್ಲಿ, ಮೈಸೂರಿನ ದಂಪತಿಯೊಬ್ಬರ ಮನೆಯ ಹಿತ್ತಲಲ್ಲಿದ್ದ ಗ್ರಾನಿ ಫ್ಲಾಟ್ ಎನ್ನುವ ಪುಟ್ಟ ಬಿಡಿ ಮನೆಯಲ್ಲಿ. ಅಂಕಲ್ ರಿಟೈರ್ ಆದ ಎಂಜಿನಿಯರ್. ಮಾತು, ಮಾತು, ಮಾತು. ಸ್ಟೇಷನ್ ಹತ್ತಿರದ ಅಂಗಡಿಗೆ ಕರಿಬೇವು ತರಲು ಹೋದರೆ ಅರ್ಧ ದಿನ. ಆಂಟಿ ಅದನ್ನೆಲ್ಲ ಕೇಳಿಸಿಕೊಂಡೂ ಕೇಳಿಸಿಕೊಳ್ಳದ ಹಾಗೆ ಇರುವುದನ್ನು ರೂಢಿ ಮಾಡಿಕೊಂಡಿದ್ದರು.

ಇಲ್ಲಿನ ನಮ್ಮವರಲ್ಲಿ ಒಂದು ಪದ್ಧತಿಯಿತ್ತು, ಈಗಲೂ ಇದೆ. ಹಲ್ಲು, ಕನ್ನಡಕ, ಬ್ಲೌಸ್ ಹೊಲಿಸುವುದು, ಇವೆಲ್ಲ ಊರಿಗೆ ಹೋದಾಗ. ಜೂನ್‌ನಲ್ಲಿ ಹಲ್ಲು ನೋಯಲು ಶುರುವಾದರೂ ಡಿಸೆಂಬರ್‌ವರೆಗೆ ಲವಂಗ ಅಗಿಯುತ್ತ ಕಾಯುತ್ತಿದ್ದರು. ಅಲ್ಲಿಯವರೆಗೆ ಪೂಜೆ, ನಾಮಕರಣ ಎಲ್ಲಿ ಸಿಕ್ಕರೂ ನನ್ನ ಮುಂದೆ ಬಾಯಿ ತೆರೆಯುತ್ತಿದ್ದರು. ಕೈಯಲ್ಲಿ ಪ್ರಸಾದದ ಪ್ಲೇಟು ಹಿಡಿದುಕೊಂಡೇ "ಸ್ವಲ್ಪ ನೋಡಮ್ಮ" ಎನ್ನುತ್ತಿದ್ದರು. ಮುಟ್ಟುವಂತಿಲ್ಲ, ನೋಡುತ್ತಿದ್ದೆ.

ಅಂಕಲ್ ಬಾಯಿ ತೆರೆದದ್ದು ಒಂದು ಭಾನುವಾರ, ಹಿತ್ತಲಲ್ಲಿ ಕಾಫಿ ಕುಡಿಯುವಾಗ. ಮುರಿದ ದವಡೆ ಹಲ್ಲೊಂದು ನಾಲಿಗೆಗೆ ಉಜ್ಜುತ್ತಿದೆ, ಹುಣ್ಣಾಗಿದೆ, ಆಂಟಿ ಜೇನುತುಪ್ಪ ಹಚ್ಚುತ್ತಿದ್ದಾರೆ ಎಂದರು. ನಾನು ಟಾರ್ಚ್ ತಂದು ನೋಡಿದೆ. ನಾಲಿಗೆಯ ಅಂಚಿನಲ್ಲಿ ಬಿಳಿಯ ಮಚ್ಚೆ, ಅದರ ನಡುವೆ ಕೆಂಪು, ಸುತ್ತ ದಪ್ಪನೆಯ ಏರು. ಮೈಸೂರಿನಲ್ಲಿ ಎಲೆ, ಹೊಗೆಸೊಪ್ಪು ಹಾಕುವವರಲ್ಲಿ ಅಂಥದ್ದನ್ನು ನೋಡಿದ್ದೆ. ಟಾರ್ಚ್ ಆರಿಸಿದೆ.

"ಎಷ್ಟು ದಿನದಿಂದ ಇದೆ ಅಂಕಲ್?"

"ಯುಗಾದಿಗೆ ಮುಂಚೇನೇ ಇತ್ತಪ್ಪ."

"ಈ ವಾರಾನೇ ಡೆಂಟಿಸ್ಟ್‌ಗೆ ತೋರ್ಸಿ. ಮುಂದಕ್ಕೆ ಹಾಕ್ಬೇಡಿ."

"ಡಿಸೆಂಬರ್‌ಗೆ ಟಿಕೆಟ್ ಬುಕ್ ಆಗಿದೆ. ಸರಸ್ವತಿಪುರಂನಲ್ಲಿ ನಮ್ಮ ಡಾಕ್ಟ್ರಿದಾರೆ."

"ಡಿಸೆಂಬರ್ ತುಂಬಾ ದೂರ ಅಂಕಲ್."

"ಹಾಗಾದ್ರೆ ನೀನು ಪಾಸಾಗಿ ಬಾ. ನಿನ್ನ ಫಸ್ಟ್ ಪೇಷಂಟ್ ನಾನೇ." ಕಾಫಿ ಲೋಟ ಕೆಳಗಿಟ್ಟು ನಕ್ಕರು. "ಹಲ್ಲಿದ್ದೋರಿಗೆ ಕಡಲೆ ಇಲ್ಲ ಅಂತಾರೆ, ನಮ್ಮನೇಲಿ ಡಾಕ್ಟ್ರೇ ಇದ್ರೂ ಕೈ ಹಾಕೋ ಹಾಗಿಲ್ಲ."

ಮರುದಿನವೂ ಹೇಳಿದೆ, ಅದರ ಮರುದಿನವೂ ಹೇಳಿದೆ. ಕ್ಯಾನ್ಸರ್ ಎಂಬ ಮಾತನ್ನು ಆಡುವ ಹಕ್ಕು ನನಗಿರಲಿಲ್ಲ; ಅದಿಲ್ಲದೆ ಹೇಳಿದರೆ ಅವರು ಕೇಳುವವರಲ್ಲ. ನನ್ನ ಪರೀಕ್ಷೆ ಮುಂದಿನ ತಿಂಗಳು ಮೆಲ್ಬರ್ನಿನಲ್ಲಿತ್ತು, ಫಲಿತಾಂಶ ಬರಲು ಇನ್ನೂ ಕೆಲವು ವಾರ. ನಾನು ಪಾಸಾಗಲಿ ಎಂದು ಈ ಮನುಷ್ಯ ಆ ನಾಲಿಗೆಯನ್ನು ಇಟ್ಟುಕೊಂಡು ಕಾಯುತ್ತಾರಲ್ಲ ಎಂದು ನನಗೆ ಭಯವಾಗುತ್ತಿತ್ತು. ಲೈಬ್ರರಿಯಲ್ಲಿ ಹಲ್ಲಿನವರ ಜಾಹೀರಾತು ಬಂದರೆ ಸಿಟ್ಟು ಬರುತ್ತಿತ್ತು. ಆ ರೈತರು ಮೊದಲ ಮಂಗಳವಾರಕ್ಕೆ ಕಾದರು, ಬೇರೆ ದಾರಿಯಿರಲಿಲ್ಲ. ನಮ್ಮ ಸ್ಟೇಷನ್ ರಸ್ತೆಯಲ್ಲೇ ಡೆಂಟಿಸ್ಟ್ ಬೋರ್ಡಿತ್ತು, ಅಂಕಲ್ ಅದರ ಕೆಳಗೇ ನಿಂತು ದೋಸೆ ಹಿಟ್ಟಿನ ಬಗ್ಗೆ ಮಾತಾಡುತ್ತಿದ್ದರು.

ಒಂದು ಬೆಳಿಗ್ಗೆ ಟೈಪ್ ಮಾಡುವುದನ್ನು ಅರ್ಧಕ್ಕೆ ಬಿಟ್ಟು ಹೊರಗೆ ಬಂದು ಅದೇ ಡೆಂಟಿಸ್ಟ್‌ಗೆ ಫೋನ್ ಮಾಡಿದೆ. ಗುರುವಾರ ಅಪಾಯಿಂಟ್‌ಮೆಂಟ್ ಸಿಕ್ಕಿತು. ಆ ದಿನ ಕೆನ್ನೆಗೆ ಕೈಯಿಟ್ಟುಕೊಂಡು ಅಂಕಲ್ ಮುಂದೆ ನಿಂತೆ.

"ನಂಗೇ ಹಲ್ಲು ನೋವು ಅಂಕಲ್. ಇವ್ರು ಆಫೀಸಲ್ಲಿದಾರೆ. ಒಬ್ಬಳೇ ಹೋಗೋಕೆ ಒಂಥರಾ ಆಗ್ತಿದೆ."

ಅವರಿಗೆ ಖುಷಿಯೋ ಖುಷಿ. "ಹಲ್ಲಿನ ಡಾಕ್ಟ್ರಿಗೇ ಹಲ್ಲಿನ ಡಾಕ್ಟ್ರ ಭಯ" ಎಂದು ದಾರಿಯುದ್ದಕ್ಕೂ ನನ್ನನ್ನು ಆಡಿಕೊಂಡರು.

ರಿಸೆಪ್ಷನ್‌ನಲ್ಲಿದ್ದ ಹುಡುಗಿ ಕೂಗಿದ್ದು ಅವರ ಹೆಸರು. ಅಂಕಲ್ ನನ್ನ ಕಡೆ ತಿರುಗಿದರು. ಸುತ್ತ ಜನ ಕೂತಿದ್ದರು, ಡಾಕ್ಟರಮ್ಮ ಬಾಗಿಲಲ್ಲೇ ನಿಂತು ನಗುನಗುತ್ತ ಕರೆಯುತ್ತಿದ್ದರು. ನಾನು ನಂಬಿಕೊಂಡದ್ದು ಅದನ್ನೇ. ಹಳೇ ಮೈಸೂರಿನ ಮನುಷ್ಯ ನಾಲ್ಕು ಜನರ ಮುಂದೆ, ಅದರಲ್ಲೂ ಕರೆದ ಹೆಂಗಸಿನ ಮುಂದೆ, ಒಲ್ಲೆ ಎನ್ನುವುದಿಲ್ಲ. ಸ್ವೆಟರ್ ಸರಿಮಾಡಿಕೊಂಡು ಎದ್ದರು. ಒಳಗೆ ಹೋಗುವಾಗ ನನಗೆ ಮಾತ್ರ ಕೇಳುವ ಹಾಗೆ "ಕಳ್ಳಿ" ಎಂದರು.

ನಾನು ಮೂಲೆಯಲ್ಲಿ ಕೈ ಹಿಂದೆ ಕಟ್ಟಿಕೊಂಡು ನಿಂತೆ. ಡಾಕ್ಟರಮ್ಮ ಮೊದಲು ಹವಾಮಾನದ ಬಗ್ಗೆ ಮಾತಾಡುತ್ತಿದ್ದರು. ನಾಲಿಗೆಯನ್ನು ಗಾಜ್ ಬಟ್ಟೆಯಲ್ಲಿ ಹಿಡಿದು ಪಕ್ಕಕ್ಕೆ ತಿರುಗಿಸಿದ ಮೇಲೆ ದೀಪವನ್ನು ಹತ್ತಿರಕ್ಕೆ ಎಳೆದುಕೊಂಡರು. ಅಂದೇ ಆಸ್ಪತ್ರೆಗೆ ಫೋನ್ ಮಾಡಿದರು. ವಾಪಸ್ ಬರುವಾಗಲೂ ಕಾರು ಓಡಿಸಿದ್ದು ಅಂಕಲ್ಲೇ. ಮನೆಯ ಮುಂದೆ ಎಂಜಿನ್ ಆಫ್ ಮಾಡಿದ ಮೇಲೆ ಕೇಳಿದರು.

"ನಿಂಗೆ ಮೊದಲೇ ಗೊತ್ತಿತ್ತಲ್ವಾ?"

"ಅನುಮಾನ ಇತ್ತು ಅಂಕಲ್."

"ನಿಮ್ಮ ಆಂಟಿಗೆ ನೀನೇ ಹೇಳು. ನನ್ನ ಕೈಲಾಗಲ್ಲ."

ಹೇಳಿದೆ. ಆಂಟಿ ಒಲೆ ಆರಿಸಿ, ಡಿಸೆಂಬರ್ ಟಿಕೆಟ್ ಕ್ಯಾನ್ಸಲ್ ಮಾಡಲು ಯಾರಿಗೆ ಫೋನ್ ಮಾಡಬೇಕು ಎಂದು ಕೇಳಿದರು. ಬಯಾಪ್ಸಿಯಲ್ಲಿ ನನ್ನ ಅನುಮಾನವೇ ನಿಜವಾಯಿತು. ಗಂಟಲಿಗೆ ಇಳಿದಿಲ್ಲ, ನಾಲಿಗೆಯ ಒಂದು ಭಾಗ ತೆಗೆಯಬೇಕು ಎಂದು ಆಸ್ಪತ್ರೆಯವರು ಹೇಳಿದರು. ಆಪರೇಷನ್ ಬಿದ್ದದ್ದು ನನ್ನ ಪರೀಕ್ಷೆಯ ವಾರದಲ್ಲೇ.

ಮೆಲ್ಬರ್ನಿಗೆ ಹಗಲಿನ ರೈಲಿನಲ್ಲಿ ಹೋದೆ. ಗೋಲ್‌ಬರ್ನ್, ಜುನೀ, ವಾಗಾ, ಆಲ್ಬರಿ. ಜಾಹೀರಾತಿನಲ್ಲಿ ಟೈಪ್ ಮಾಡಿದ್ದ ಊರುಗಳೆಲ್ಲ ಕಿಟಕಿಯಲ್ಲಿ ಬಂದು ಹೋದವು. ಓದಲು ಪುಸ್ತಕ ತೆರೆದರೆ ಅಕ್ಷರ ಕಾಣದು. ಎದ್ದು ಬೋಗಿಯ ಆ ತುದಿಗೆ ಹೋಗುವುದು, ಈ ತುದಿಗೆ ಬರುವುದು. ಎದುರಿಗೆ ಕೂತಿದ್ದ ಅಜ್ಜಿ ನನಗೆ ಏನೋ ತೊಂದರೆಯಿದೆ ಎಂದುಕೊಂಡು ಪೆಪ್ಪರ್‌ಮೆಂಟ್ ಕೊಟ್ಟಳು. ಬಯಲಿನ ನಡುವೆ ಒಂಟಿ ಗಾಳಿಯಂತ್ರ, ತಗಡಿನ ಸೂರು, ಹರಿದ ಬೇಲಿ ಕಂಡಾಗೆಲ್ಲ ಇಲ್ಲಿ ಹಲ್ಲು ನೋವೆದ್ದವರು ಯಾವ ಮಂಗಳವಾರಕ್ಕೆ ಕಾದಿದ್ದರೋ, ಅಷ್ಟರಲ್ಲಿ ಏನಾಯಿತೋ ಅನ್ನಿಸುತ್ತಿತ್ತು. ಜಾಹೀರಾತು ಅಷ್ಟು ದೂರ ಹೇಳುವುದಿಲ್ಲ.

ಪರೀಕ್ಷೆಯಲ್ಲಿ ಕೊಟ್ಟದ್ದು ಪ್ಲಾಸ್ಟಿಕ್ ಹಲ್ಲು ಕೂರಿಸಿದ ಗೊಂಬೆಯ ತಲೆ. ಡ್ರಿಲ್ ಕೈಗೆತ್ತಿಕೊಂಡು ಬಾಗಿದೆ. ಆ ಬಾಯಲ್ಲಿ ನಾಲಿಗೆಯಿರಲಿಲ್ಲ. ಅಂಥ ಯಾವ ಗೊಂಬೆಗೂ ಇರುವುದಿಲ್ಲ, ನನಗೆ ಗೊತ್ತಿದ್ದದ್ದೇ. ಆದರೂ ಅಂದು ಅದನ್ನು ನೋಡಲಾಗಲಿಲ್ಲ. ಹಲ್ಲನ್ನು ಬೇಕಾದದ್ದಕ್ಕಿಂತ ಆಳಕ್ಕೆ ಕೊರೆದೆ. ಹೊರಗೆ ಬಂದಾಗ ಆಂಟಿ ಫೋನ್ ಮಾಡಿದರು.

"ಆಪರೇಷನ್ ಚೆನ್ನಾಗ್ ಆಯ್ತಮ್ಮ. ಮಾತಾಡೋಕಾಗಲ್ಲ ಪಾಪ. ಕೈ ತಿರುಗಿಸಿ ತಿರುಗಿಸಿ ಏನೋ ಕೇಳ್ತಿದಾರೆ. ನಿನ್ನ ಎಕ್ಸಾಮ್ ಇರ್ಬೇಕು."

ಚೆನ್ನಾಗಿ ಆಯಿತು ಅಂತ ಹೇಳಿ ಎಂದೆ.

ಫಲಿತಾಂಶ ಬರುವ ಹೊತ್ತಿಗೆ ಅಂಕಲ್ ಮನೆಗೆ ಬಂದು ಗಂಜಿಯಿಂದ ಮೆತ್ತಗಿನ ಅನ್ನಕ್ಕೆ ಬಂದಿದ್ದರು. ಮಾತು ಅರ್ಧ ಬಾಯೊಳಗೇ ಉಳಿಯುತ್ತಿತ್ತು. ಜೀವನವಿಡೀ ಅವರ ಮಾತಿಗೆ ಕಿವಿ ಮುಚ್ಚಿಕೊಂಡಿದ್ದ ಆಂಟಿ ಈಗ ಪಕ್ಕದಲ್ಲೇ ಕೂತು ಅವರಂದದ್ದನ್ನು ನಮಗೆ ಬಿಡಿಸಿ ಹೇಳುತ್ತಿದ್ದರು. ಹಿತ್ತಲಲ್ಲಿ ಅದೇ ಕುರ್ಚಿಗಳು, ಅದೇ ಕಾಫಿ.

"ಫೇಲ್ ಆದೆ ಅಂಕಲ್" ಎಂದೆ. ಅಳಬಾರದು ಎಂದುಕೊಂಡಿದ್ದೆ, ಆಗಲಿಲ್ಲ.

ಅವರು ಲೋಟ ಕೆಳಗಿಟ್ಟರು. ಬಹಳ ನಿಧಾನವಾಗಿ, ಒಂದೊಂದೇ ಮಾತನ್ನು ತಳ್ಳಿಕೊಂಡು, ಆಂಟಿ ಬಿಡಿಸಿ ಹೇಳಬೇಕಾದ ಅಗತ್ಯವೇ ಇಲ್ಲದ ಹಾಗೆ ಹೇಳಿದರು.

"ಯಾರು ಫೇಲ್ ಮಾಡಿದ್ದು? ಮೆಲ್ಬರ್ನಿಗೆ ಕರ್ಕೊಂಡು ಹೋಗು. ಅವ್ರಿಗೆ ನನ್ನ ನಾಲಿಗೆ ತೋರಿಸ್ತೀನಿ."

ಹೇಳಿ, ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ನನ್ನ ಮುಂದೆ ಬಾಯಿ ತೆರೆದರು. ನಾನು ಕಣ್ಣೊರೆಸಿಕೊಂಡು, ಕೈ ತೊಳೆದು, ಟಾರ್ಚ್ ತಂದೆ.